ಉಳಿಸಿಟ್ಟ ಜಾಗ ಯಾರದು?

ಒಂದು ಎಂಜಿನ್ 85 ಕುದುರೆಶಕ್ತಿ ಕೊಡುತ್ತದೆ ಅಂತ ಕಂಪನಿಯವರು ಬರೆದಿದ್ದರೆ, ಅದರ ಕೈಲಿ ಆಗೋದು ಅಷ್ಟೇ ಅಂತ ಅರ್ಥವಲ್ಲ. ಅಷ್ಟು ಕೇಳಿದರೆ ವರ್ಷಗಟ್ಟಲೆ ತಕರಾರಿಲ್ಲದೆ ಕೊಡುತ್ತದೆ ಅಂತ ಅರ್ಥ. ಅದರಾಚೆಗೆ ಒಂದಿಷ್ಟು ಶಕ್ತಿಯನ್ನು ಡಿಸೈನ್ ಮಾಡಿದವರು ಮುಟ್ಟದೆ ಬಿಟ್ಟಿರುತ್ತಾರೆ. ಯಾರಿಗಾಗಿ? ಕಲಬೆರಕೆ ಪೆಟ್ರೋಲ್ ಹಾಕಿಸುವವನಿಗಾಗಿ, ಎರಡು ವರ್ಷ ಆಯಿಲ್ ಬದಲಿಸದವನಿಗಾಗಿ, ಮೇ ತಿಂಗಳಲ್ಲಿ ಆರು ಜನರನ್ನು ತುಂಬಿಕೊಂಡು, ಎ.ಸಿ. ಹಾಕಿಕೊಂಡು, ಮೂರನೇ ಗೇರಿನಲ್ಲೇ ಘಾಟಿ ಹತ್ತಿಸುವವನಿಗಾಗಿ. ಕಣ್ಣಿಗೆ ಕಾಣದ ಈ ಎಲ್ಲ ಮಹಾನುಭಾವರು ಆ ಉಳಿಸಿಟ್ಟ ಜಾಗದಲ್ಲಿ ಕೂತಿರುತ್ತಾರೆ.

ಈಗ ನೀವು ಹಾಗಲ್ಲ ಅಂತಿಟ್ಟುಕೊಳ್ಳಿ. ಒಳ್ಳೇ ಪೆಟ್ರೋಲ್ ಹಾಕಿಸುತ್ತೀರಿ, ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸುತ್ತೀರಿ, ಗಾಡಿಯ ಸದ್ದು ಸ್ವಲ್ಪ ಬದಲಾದರೂ ಬಾನೆಟ್ ಎತ್ತುತ್ತೀರಿ. ಹಾಗಾದರೆ ಆ ಉಳಿಕೆ ನಿಮ್ಮದಾ? ತೆಗೆದು ಖರ್ಚು ಮಾಡಬಹುದಾ?

ನನ್ನ ಗೆಳೆಯನೊಬ್ಬ ಹೋದ ವರ್ಷ ಈ ಪ್ರಶ್ನೆಯನ್ನು ಕೇಳಲೇ ಇಲ್ಲ, ನೇರವಾಗಿ ಉತ್ತರ ಕೊಟ್ಟುಬಿಟ್ಟ. ಹರಪನಹಳ್ಳಿ ಕಡೆಯವನು, ಬೆಂಗಳೂರಿನಲ್ಲಿ ಕೆಲಸ, ಮದುವೆಯಾಗಿಲ್ಲ. ಹಾಗಾಗಿ ಹಳೇ ಮಾರುತಿ ಎಸ್ಟೀಮ್ ಕಾರೊಂದನ್ನು ಕೊಂಡು, ಹಿಂದಿನ ಸೀಟು, ಕಾರ್ಪೆಟ್ಟು, ಎ.ಸಿ. ಎಲ್ಲ ಕಿತ್ತುಹಾಕಿ, ರೋಲ್ ಕೇಜ್ ಕೂರಿಸಿ ಟ್ರ್ಯಾಕ್ ಕಾರು ಮಾಡಿಕೊಂಡಿದ್ದಾನೆ. 1298 ಸಿಸಿ, ನಾಲ್ಕು ಸಿಲಿಂಡರು, ಹದಿನಾರು ವಾಲ್ವು. ಟ್ರ್ಯಾಕು ಸಿಕ್ಕ ವಾರಾಂತ್ಯ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೋ, ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈಗೋ ಟ್ರೇಲರಿನ ಮೇಲೆ ಸಾಗಿಸಿಕೊಂಡು ಹೋಗಿ ಓಡಿಸುತ್ತಾನೆ. ನಮ್ಮ ದೇಶದಲ್ಲಿ ಈ ಚಟಕ್ಕೆ ದೊಡ್ಡ ಎಂಜಿನ್ ಬೇಕೇ ಬೇಕು ಅಂತೇನಿಲ್ಲ. ಕೊಯಮತ್ತೂರಿನ ಆ ಟ್ರ್ಯಾಕಿಗೆ ಯಾರ ಹೆಸರಿದೆಯೋ ಆ ಕರಿವರ್ಧನ್ 1980ರ ದಶಕದ ಕೊನೆಯಲ್ಲಿ ಮಾರುತಿ 800ರ ಪುಟ್ಟ ಎಂಜಿನ್ ಇಟ್ಟುಕೊಂಡೇ ಫಾರ್ಮುಲಾ ಮಾರುತಿ ಅನ್ನುವ ರೇಸ್ ಕಾರು ಕಟ್ಟಿದವರು. ಒಂದು ತಲೆಮಾರಿನ ಹುಡುಗರು ಅದರಲ್ಲೇ ರೇಸು ಕಲಿತರು.

ಗೆಳೆಯನಿಗೆ 85 ಸಾಲಲಿಲ್ಲ. 110ರ ಸುಮಾರಿಗೆ ಬೇಕು ಅನ್ನಿಸಿತು. ಸೂಪರ್‌ಚಾರ್ಜರ್ ಹಾಕೋಣ ಅಂತ ತೀರ್ಮಾನಿಸಿದ.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ರಸ್ತೆಯಲ್ಲಿ ಓಡುವ ಗಾಡಿಗೆ ಇದನ್ನೆಲ್ಲ ಮಾಡುವ ಹಾಗಿಲ್ಲ. ತಯಾರಕರ ಮೂಲ ವಿವರಕ್ಕೆ ಹೊಂದದ ಬದಲಾವಣೆ ಸಲ್ಲದು ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ವಿವರಿಸಿ ಹೇಳಿದೆ. ರಾತ್ರಿ ಒಂದು ಗಂಟೆಗೆ ರಿಂಗ್ ರೋಡಿನಲ್ಲಿ ಸೈಲೆನ್ಸರ್ ಕಿತ್ತು ಓಡಿಸುವವರ ಬಗ್ಗೆ ನಾನು ಬರೆಯುತ್ತಿಲ್ಲ. ಅವರ ವಿಷಯದಲ್ಲಿ ನೈತಿಕ ಪ್ರಶ್ನೆ ಏನೂ ಉಳಿದಿಲ್ಲ, ಬರೀ ದಂಡದ ಪ್ರಶ್ನೆ.

ಸೂಪರ್‌ಚಾರ್ಜರ್ ಅಂದರೆ ಏನು? ನಮ್ಮ ಚಿಕ್ಕಪ್ಪನ ಮಗ ಒಂದೇ ಮಾತಿನಲ್ಲಿ ಹೇಳಿದ. ಅವನದು ಕೊಟ್ಟೂರಿನಲ್ಲಿ ಲೇತ್ ಮಷೀನ್ ಶೆಡ್ಡು. ಟ್ರ್ಯಾಕ್ಟರ್ ಟ್ರೇಲಿ, ನೇಗಿಲು, ಕುಂಟೆ, ಬೋರ್‌ವೆಲ್ಲಿನ ಸಾಮಾನು ಇವೆಲ್ಲ ಅವನ ಕೆಲಸ. ಬ್ರಾಕೆಟ್ಟು, ಪುಲ್ಲಿ ಮಾಡಿಸೋದಕ್ಕೆ ಬೆಂಗಳೂರಿನಲ್ಲಿ ಕೇಳಿದ ರೇಟು ನೋಡಿ ಗೆಳೆಯ ಹೆದರಿದ್ದ, ನಾನೇ ಊರಿಗೆ ಕರೆದುಕೊಂಡು ಹೋದೆ. ಚಿತ್ರದುರ್ಗ ದಾಟಿ, ಕೂಡ್ಲಿಗಿ ಮೇಲೆ ಹಾದು ಕೊಟ್ಟೂರು ಮುಟ್ಟುವಷ್ಟರಲ್ಲಿ ಮಧ್ಯಾಹ್ನ. ತಮ್ಮ ಆ ಬ್ಲೋವರನ್ನು ಕೈಲಿ ಹಿಡಿದು, ಒಳಗಿನ ಎರಡು ರೋಟರು ತಿರುಗಿಸಿ ನೋಡಿ, "ಅಣ್ಣ, ಇದು ತಿದಿ ಅಲ್ಲೇನು? ಎಂಜಿನ್ನಿಗೆ ತಿದಿ ಹಚ್ಚಾಕ ಹೊಂಟೀರಲ್ಲ" ಅಂದ.

ಅಕ್ಷರಶಃ ನಿಜ. ಈ ಬಗೆಯ ಬ್ಲೋವರಿಗೆ 1860ರಲ್ಲಿ ಪೇಟೆಂಟ್ ತೆಗೆದುಕೊಂಡವರು ಅಮೆರಿಕದ ಇಂಡಿಯಾನಾದ ರೂಟ್ಸ್ ಸೋದರರು. ಆಗ ಕಾರೇ ಇರಲಿಲ್ಲ. ಅದು ಗಾಳಿ ಊದುತ್ತಿದ್ದದ್ದು ಕಬ್ಬಿಣ ಕರಗಿಸುವ ಕುಲುಮೆಗೆ. ಆಮೇಲೆ ಯಾರಿಗೋ ಎಂಜಿನ್ ಕೂಡ ಒಂದು ಕುಲುಮೆಯೇ ಅಂತ ಹೊಳೆಯಿತು. ಬೆರ್ಲಿನ್ನಿನ 1921ರ ಮೋಟಾರು ಪ್ರದರ್ಶನದಲ್ಲಿ ಮರ್ಸಿಡಿಸ್‌ನವರು ಸೂಪರ್‌ಚಾರ್ಜರ್ ಇರುವ ಕಾರುಗಳನ್ನೇ ತಂದು ನಿಲ್ಲಿಸಿದ್ದರು.

ಲೆಕ್ಕ ಹೀಗೆ. ಸಾಮಾನ್ಯ ಎಂಜಿನ್ ಗಾಳಿಯನ್ನು ತಾನೇ ಎಳೆದುಕೊಳ್ಳುತ್ತದೆ, ವಾತಾವರಣದ ಒತ್ತಡ ಎಷ್ಟು ತಳ್ಳುತ್ತದೋ ಅಷ್ಟು. 1.3 ಲೀಟರಿನ ಎಂಜಿನ್ ಒಂದು ಸುತ್ತಿಗೆ ಹೆಚ್ಚೆಂದರೆ 0.65 ಲೀಟರ್ ಗಾಳಿ ಕುಡಿಯುತ್ತದೆ. ಗೆಳೆಯ ತಂದಿದ್ದ ಬ್ಲೋವರ್ ತನ್ನ ಒಂದು ಸುತ್ತಿಗೆ ಅರ್ಧ ಲೀಟರ್ ತಳ್ಳುತ್ತದೆ. ಎಂಜಿನ್ ಒಂದು ಸುತ್ತು ಸುತ್ತುವಷ್ಟರಲ್ಲಿ ಬ್ಲೋವರ್ 1.75 ಸುತ್ತು ಸುತ್ತುವ ಹಾಗೆ ಪುಲ್ಲಿ ಕಡೆದರೆ 0.87 ಲೀಟರ್ ಗಾಳಿ ಒಳಗೆ ಹೋಗುತ್ತದೆ. ಹಿಡಿಸದಷ್ಟು ಗಾಳಿ ಒಳಗೆ ಹೋದರೆ ಒತ್ತಡ ಏರುತ್ತದೆ. ಆರು ಪಿಎಸ್‌ಐ ಆಸುಪಾಸು. ನಮ್ಮ ಸುತ್ತ ಇರುವ ಗಾಳಿಯ ಒತ್ತಡವೇ 14.7 ಪಿಎಸ್‌ಐ, ಅದರ ಮೇಲೆ ಇನ್ನೊಂದು ಆರು. ಗಾಳಿ ಹೆಚ್ಚಾದರೆ ಪೆಟ್ರೋಲ್ ಹೆಚ್ಚು ಹಾಕಬಹುದು, ಪೆಟ್ರೋಲ್ ಹೆಚ್ಚಾದರೆ ಬೆಂಕಿ ಹೆಚ್ಚು.

ನನಗೆ ಹಿಡಿಸಿದ ಸಂಗತಿ ಇನ್ನೊಂದಿದೆ. ಟರ್ಬೊ ಆದರೆ ಹೇಗೂ ಹೊರಗೆ ಹೋಗುವ ಹೊಗೆಯ ಜೋರಿನಿಂದ ತಿರುಗುತ್ತದೆ. ಸೂಪರ್‌ಚಾರ್ಜರನ್ನು ತಿರುಗಿಸುವುದು ಎಂಜಿನ್ನೇ, ಕ್ರ್ಯಾಂಕಿಗೆ ಬೆಲ್ಟ್ ಹಾಕಿ. ಅಂದರೆ ಇಪ್ಪತ್ತೈದು ಕುದುರೆ ಹೆಚ್ಚು ಕೊಡುವ ಮೊದಲು ಅದು ಏಳೆಂಟು ಕುದುರೆಯನ್ನು ಎಂಜಿನ್ನಿನಿಂದಲೇ ಕಿತ್ತುಕೊಳ್ಳುತ್ತದೆ. ಪುಕ್ಕಟೆ ಏನೂ ಇಲ್ಲ. ಖರ್ಚು ಮೊದಲು, ಆದಾಯ ಆಮೇಲೆ, ನಮ್ಮ ಕಡೆ ಶೇಂಗಾ ಬಿತ್ತಿದ ಹಾಗೆ.

ಮಾರನೇ ದಿನ ಹಡಗಲಿಯಲ್ಲಿ ನಮ್ಮ ಸೋದರಮಾವನ ಮನೆಗೆ ಊಟಕ್ಕೆ ಹೋಗಿದ್ದೆವು. ಮಾವ ರಿಟೈರ್ಡ್ ಮೇಷ್ಟ್ರು, ಈಗ ಕಾಲು ಎಕರೆಯಲ್ಲಿ ಮಲ್ಲಿಗೆ. ಎಲ್ಲ ಕೇಳಿಸಿಕೊಂಡು, "ಅಲ್ಲಪ, ಕಂಪನಿಯವರು ಎಷ್ಟು ಕೊಟ್ಟಾರೋ ಅಷ್ಟರಾಗ ತೃಪ್ತಿ ಇರಬಾರದೇನು? ಎಲ್ಲಾದಕ್ಕೂ ಒಂದು ಮಿತಿ ಅಂತ ಇರತೈತಿ" ಅಂದರು. ಗೆಳೆಯ ನಕ್ಕು ಸುಮ್ಮನಾದ. ದೊಡ್ಡವರಿಗೆ ಎದುರಾಡಬಾರದು ಅಂತ ನಾನೂ ಸುಮ್ಮನಾದೆ. ಆದರೆ ಆ ಮಾತನ್ನು ನಾನು ಒಪ್ಪುವುದಿಲ್ಲ.

ತೃಪ್ತಿಯ ಮಾತು ನಮ್ಮ ಐದು ತಾಲೂಕುಗಳಲ್ಲಿ ಸುಲಭಕ್ಕೆ ಒಪ್ಪುವಂಥದ್ದಲ್ಲ. ಹಗರಿಬೊಮ್ಮನಹಳ್ಳಿ, ಹಡಗಲಿ ಕಡೆ ತುಂಗಭದ್ರೆಯ ಹಿನ್ನೀರು ಕಣ್ಣಿಗೆ ಕಾಣುತ್ತದೆ. ಕೂಡ್ಲಿಗಿಗೆ ಬಂದರೆ ಆಕಾಶ ನೋಡಬೇಕು. ಇಲ್ಲಿನವರು ಕಂಪನಿ ಕೊಟ್ಟಷ್ಟಕ್ಕೆ, ದೇವರು ಕೊಟ್ಟಷ್ಟಕ್ಕೆ ತೃಪ್ತಿ ಪಟ್ಟಿದ್ದರೆ ಯಾವಾಗಲೋ ಊರು ಬಿಡಬೇಕಿತ್ತು. ಹಡಗಲಿಯ ಮಲ್ಲಿಗೆ ಕೂಡ ಹುಟ್ಟುಗುಣಕ್ಕೆ ಬಿಟ್ಟರೆ ಅಷ್ಟು ಹೂ ಬಿಡುವುದಿಲ್ಲ. ನೀರು ನಿಲ್ಲಿಸಿ ಬಾಡಿಸಿ, ಕತ್ತರಿಸಿ, ಆಮೇಲೆ ಗೊಬ್ಬರ ನೀರು ಕೊಟ್ಟು ಅದನ್ನು ಅರಳಿಸುತ್ತಾರೆ. ಮಾವನೂ ಅದನ್ನೇ ಮಾಡುತ್ತಾರೆ. ಇದ್ದದ್ದನ್ನು ಹಿಗ್ಗಿಸೋದು ತಪ್ಪು ಅನ್ನುವುದಾದರೆ ಒಕ್ಕಲುತನವೇ ತಪ್ಪಾಗಬೇಕು.

ಇನ್ನೊಂದು ವಾದ ಇದಕ್ಕಿಂತ ಗಟ್ಟಿ. ಮಾಡಿದವನ ಉದ್ದೇಶವನ್ನು ಕೆಡಿಸಬಾರದು ಅನ್ನೋದು. ಈ ವಾದದ ದೊಡ್ಡ ವಕೀಲ ಅಂದರೆ ಬೆಂಟ್ಲಿ ಕಾರಿನ ಡಬ್ಲ್ಯು. ಒ. ಬೆಂಟ್ಲಿ. 1920ರ ದಶಕದ ಕೊನೆಗೆ ಟಿಮ್ ಬರ್ಕಿನ್ ಅನ್ನುವ ರೇಸ್ ಚಾಲಕ, ಡೊರೊಥಿ ಪ್ಯಾಜೆಟ್ ಅನ್ನುವ ಶ್ರೀಮಂತ ಹೆಣ್ಣುಮಗಳ ದುಡ್ಡಿನಲ್ಲಿ, ನಾಲ್ಕೂವರೆ ಲೀಟರಿನ ಬೆಂಟ್ಲಿಗೆ ಸೂಪರ್‌ಚಾರ್ಜರ್ ಹಾಕಿಸಿದ. ಬೆಂಟ್ಲಿಗೆ ಅದು ಸುತರಾಂ ಇಷ್ಟವಿರಲಿಲ್ಲ. ಎಂಜಿನ್ನಿನ ಸ್ವಭಾವವನ್ನೇ ಹಾಳು ಮಾಡುವ ಕೆಲಸ ಅಂತ ಅವನ ಅಭಿಪ್ರಾಯ. ಶಕ್ತಿ ಬೇಕಾ, ಎಂಜಿನ್ನನ್ನೇ ದೊಡ್ಡದು ಮಾಡು ಅನ್ನೋದು ಅವನ ದಾರಿ. 1929 ಮತ್ತು 1930ರಲ್ಲಿ ಲೆ ಮ್ಯಾನ್ಸ್‌ನ 24 ಗಂಟೆಯ ರೇಸು ಗೆದ್ದದ್ದು ಬೆಂಟ್ಲಿಯ ಆರೂವರೆ ಲೀಟರಿನ ಸ್ಪೀಡ್ ಸಿಕ್ಸ್. ಬರ್ಕಿನ್ನನ ಬ್ಲೋವರ್ ಬೆಂಟ್ಲಿ ವೇಗದಲ್ಲಿ ಭೂತ, ಆದರೆ ಲೆ ಮ್ಯಾನ್ಸನ್ನು ಅದು ಎಂದೂ ಗೆಲ್ಲಲಿಲ್ಲ.

ಕತೆ ಕೇಳಿದರೆ ಬೆಂಟ್ಲಿಯೇ ಸರಿ ಅನ್ನಿಸುತ್ತದೆ. ನನಗೆ ಪೂರ್ತಿ ಹಾಗನ್ನಿಸಲ್ಲ. ಆರೂವರೆ ಲೀಟರಿನ ಎಂಜಿನ್ ಮಾಡಲು ಕಾರ್ಖಾನೆ ಬೇಕು. ಅದು ಇದ್ದವನು ಇಲ್ಲದವನಿಗೆ ಸ್ವಭಾವದ ಪಾಠ ಹೇಳೋದು ಸುಲಭ. (1931ಕ್ಕೆ ಆ ಕಾರ್ಖಾನೆಯೂ ಸಾಲದಲ್ಲಿ ಮುಳುಗಿತು ಅನ್ನೋದು ಬೇರೆ ಮಾತು.) ಮಾಡಿದವನ ಉದ್ದೇಶಕ್ಕೆ ನಾವು ಋಣಿಗಳು ಅಂತಲೂ ನನಗೆ ಅನ್ನಿಸುವುದಿಲ್ಲ. ನಮ್ಮೂರಲ್ಲಿ ಟ್ರ್ಯಾಕ್ಟರ್ ಎಂಜಿನ್ನು ಉಳುವುದರ ಜೊತೆಗೆ ರಾಗಿ ಒಕ್ಕಿದೆ, ನೀರೆತ್ತಿದೆ, ಮದುವೆ ದಿಬ್ಬಣ ಹೊತ್ತಿದೆ, ಜನರೇಟರ್ ತಿರುಗಿಸಿ ಬಯಲಾಟಕ್ಕೆ ಲೈಟು ಕೊಟ್ಟಿದೆ.

ಆದರೆ ಬೆಂಟ್ಲಿ ಹೇಳಿದ್ದರಲ್ಲಿ ಒಂದು ಪ್ರಾಯೋಗಿಕ ಸತ್ಯ ಇದೆ. ಗಾಳಿ ಒತ್ತಿದಾಗ ಎಂಜಿನ್ ಇಡಿಯಾಗಿ ಬಲವಾಗುವುದಿಲ್ಲ, ಅದರ ಅತಿ ದುರ್ಬಲ ಭಾಗ ಯಾವುದು ಅನ್ನೋದು ಬಯಲಿಗೆ ಬರುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತಳ ಬಿಸಿಯಾಗೋದು ನೋಡಿದ್ದೀರಲ್ಲ? ಇಲ್ಲೂ ಹಾಗೆ, ಒತ್ತಿದ ಗಾಳಿ ಕಾಯುತ್ತದೆ. ಕಾದ ಗಾಳಿ, ಹೆಚ್ಚಿನ ಒತ್ತಡ ಎರಡೂ ಸೇರಿದರೆ ಸಿಲಿಂಡರಿನ ಮೂಲೆಯಲ್ಲಿದ್ದ ಮಿಶ್ರಣ, ಸ್ಪಾರ್ಕಿನಿಂದ ಹೊರಟ ಜ್ವಾಲೆ ಬಂದು ಮುಟ್ಟುವ ಮೊದಲೇ, ತಾನಾಗೇ ಸಿಡಿಯುತ್ತದೆ. ಇದಕ್ಕೆ ನಾಕಿಂಗ್ ಅನ್ನುತ್ತಾರೆ. ನಮ್ಮ ತಮ್ಮನ ಭಾಷೆಯಲ್ಲಿ "ಎಂಜಿನ್ ಬಡೀತೈತಿ." ಪಿಸ್ಟನ್ ಮೇಲೆ ಸುತ್ತಿಗೆ ಏಟು ಬಿದ್ದ ಹಾಗೆ. ಮೊದಲು ರಿಂಗು ಕೂರುವ ಅಂಚು ಮುರಿಯುತ್ತದೆ, ಇಲ್ಲ ಹೆಡ್ ಗ್ಯಾಸ್ಕೆಟ್ ಹಾರುತ್ತದೆ, ಇಲ್ಲ ಪಿಸ್ಟನ್ನೇ ಕರಗಿ ತೂತಾಗುತ್ತದೆ.

ಇದನ್ನು ತಪ್ಪಿಸೋದೇ ಟ್ಯೂನಿಂಗ್. ಸೂಪರ್‌ಚಾರ್ಜರ್ ಕೂರಿಸೋದು ಒಂದೆರಡು ವಾರಾಂತ್ಯದ ಕೆಲಸ, ಟ್ಯೂನಿಂಗ್ ಬೇರೆಯೇ ವಿದ್ಯೆ. ಸ್ಪಾರ್ಕನ್ನು ಎಷ್ಟು ಡಿಗ್ರಿ ಹಿಂದಕ್ಕೆ ತಳ್ಳಬೇಕು, ಯಾವ ವೇಗದಲ್ಲಿ ಎಷ್ಟು ಪೆಟ್ರೋಲ್ ಹೆಚ್ಚು ಸುರಿಯಬೇಕು ಅಂತ ಎಂಜಿನ್ನಿನ ಕಂಪ್ಯೂಟರಿನಲ್ಲಿ ಒಂದೊಂದು ಖಾನೆಯನ್ನೂ ತುಂಬಬೇಕು. ಒಂದು ಪಿಎಸ್‌ಐಗೆ ಸುಮಾರು ಒಂದು ಡಿಗ್ರಿ ಹಿಂದಕ್ಕೆ ಅನ್ನೋದು ಆರಂಭದ ಅಂದಾಜು. ಪೆಟ್ರೋಲ್ ಲೆಕ್ಕ ಮಾಮೂಲಿಯಾಗಿ 14.7 ಪಾಲು ಗಾಳಿಗೆ ಒಂದು ಪಾಲು. ಒತ್ತಡ ಇರುವಾಗ ಹನ್ನೆರಡು ಪಾಲಿಗೇ ಒಂದು, ಯಾಕಂದರೆ ಹೆಚ್ಚಿನ ಪೆಟ್ರೋಲ್ ಒಳಗಿನ ಕಾವನ್ನು ತಗ್ಗಿಸುತ್ತದೆ. (ಈ 14.7ಕ್ಕೂ ಗಾಳಿಯ ಒತ್ತಡದ 14.7ಕ್ಕೂ ಸಂಬಂಧವಿಲ್ಲ. ಗೆಳೆಯ ನನಗೆ ಮೂರು ಸಲ ಹೇಳಿದ.)

ಟ್ಯೂನರ್ ಐವತ್ತರ ಆಸುಪಾಸಿನ ಮನುಷ್ಯ, ಮಾತು ಕಡಿಮೆ. ಕಾರನ್ನು ಡೈನೊ ರೋಲರ್ ಮೇಲೆ ಕಟ್ಟಿ ನಿಲ್ಲಿಸಿದ. ಪಕ್ಕದಲ್ಲಿ ಲ್ಯಾಪ್‌ಟಾಪ್ ಇತ್ತು, ನಾಕ್ ಸೆನ್ಸರ್ ಇತ್ತು. ಆದರೂ ಒಂದು ತಾಮ್ರದ ನಳಿಗೆಯ ತುದಿಯನ್ನು ಚಪ್ಪಟೆ ಮಾಡಿ, ಎಂಜಿನ್ ಬ್ಲಾಕಿಗೆ ಬೋಲ್ಟ್ ಹಾಕಿ, ಇನ್ನೊಂದು ತುದಿಗೆ ರಬ್ಬರ್ ಪೈಪ್ ಸಿಕ್ಕಿಸಿ ಕಿವಿಗೆ ಹಾಕಿಕೊಂಡ. ಡಾಕ್ಟರ ಸ್ಟೆಥೋಸ್ಕೋಪಿನ ಹಾಗೆ. ಕೊಟ್ಟೂರಿನಲ್ಲಿ ತಮ್ಮ ಉದ್ದನೆ ಸ್ಕ್ರೂಡ್ರೈವರನ್ನು ಬೇರಿಂಗಿಗೆ ಒತ್ತಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕೇಳುತ್ತಾನಲ್ಲ, ಅದೇ ಕೆಲಸ. ಒಂದು ಡಿಗ್ರಿ ಮುಂದಕ್ಕೆ ಹಾಕು, ಓಡಿಸು, ಕೇಳು. ಇನ್ನೊಂದು ಡಿಗ್ರಿ, ಓಡಿಸು, ಕೇಳು. ನಾಲ್ಕು ಗಂಟೆ ಹೀಗೇ ಸಾಗಿತು.

108ಕ್ಕೆ ಬಂದು ನಿಲ್ಲಿಸಿದ. ಗೆಳೆಯ, "ಅಣ್ಣಾ, ಇನ್ನೂ ಬರುತ್ತಲ್ಲ?" ಅಂದ. ಟ್ಯೂನರ್, "ಬರುತ್ತೆ. ಐದು ಬರುತ್ತೆ. ಸಣ್ಣ ಪುಲ್ಲಿ ಹಾಕಿದರೆ ಹದಿನೈದೂ ಬರುತ್ತೆ. ನಾನು ಕೊಡಲ್ಲ" ಅಂದ.

ಗೆಳೆಯನಿಗೆ ಸಿಟ್ಟು ಬಂತು. ಅವನ ವಾದ ಸಾಮಾನ್ಯವಾಗಿ ನಾವೆಲ್ಲ ಹೂಡುವಂಥದ್ದೇ. ಎಂಜಿನ್ ನಂದು, ದುಡ್ಡು ನಂದು, ಒಡೆದರೆ ನನ್ನದು ಒಡೆಯುತ್ತೆ, ನಿಮಗೇನು? ಟ್ಯೂನರ್ ಜಗಳಕ್ಕೆ ಬೀಳಲಿಲ್ಲ. "ಕೊಯಮತ್ತೂರಲ್ಲಿ ಮೂರನೇ ಗೇರಲ್ಲಿ ಎಂಜಿನ್ ಬ್ಲಾಕ್ ಒಡೀತು ಅಂತಿಟ್ಟುಕೊಳ್ಳಿ. ಮೂರು ಲೀಟರ್ ಆಯಿಲ್ ಟ್ರ್ಯಾಕ್ ಮೇಲೆ ಬೀಳುತ್ತೆ. ನೀವು ಸೈಡಿಗೆ ಹಾಕ್ತೀರಿ. ನಿಮ್ಮ ಹಿಂದೆ ಬರೋನು ಆ ಆಯಿಲ್ ಮೇಲೆ ಬರ್ತಾನೆ. ಅವನನ್ನ ಕೇಳಿದ್ರಾ?" ಅಂದ.

ನಾನು ಅಲ್ಲಿಯವರೆಗೆ ಗೆಳೆಯನ ಪರ ಇದ್ದೆ. ಟ್ರ್ಯಾಕು ಅನ್ನೋದೇ ಅಪಾಯವನ್ನು ಬೇಲಿ ಹಾಕಿ ಒಳಗಿಟ್ಟ ಜಾಗ, ಒಳಗೆ ಬಂದವರೆಲ್ಲ ಒಪ್ಪಿಯೇ ಬಂದಿರುತ್ತಾರೆ, ಅಲ್ಲಿ ನಿನ್ನ ಉಳಿಕೆಯನ್ನು ನೀನು ಸುಟ್ಟುಕೊಳ್ಳೋದು ನಿನ್ನ ಹಕ್ಕು ಅಂತ. ಈಗಲೂ ಬಹುಮಟ್ಟಿಗೆ ಹಾಗೇ ಅಂದುಕೊಂಡಿದ್ದೇನೆ. ಆದರೆ ಟ್ಯೂನರ್ ಹೇಳಿದ್ದನ್ನು ತಳ್ಳಿಹಾಕಲು ಆಗುವುದಿಲ್ಲ. ನನ್ನ ಎಂಜಿನ್ನಿನ ಉಳಿಕೆಯ ಮೇಲೆ ಇನ್ನೊಬ್ಬ ನನಗೆ ಗೊತ್ತಿಲ್ಲದೆ ನಂಬಿಕೆ ಇಟ್ಟು ಬರುತ್ತಿರುತ್ತಾನೆ. ಹೆಚ್ಚಿನ ಕುದುರೆ ಎಲ್ಲಿಂದ ಬಂತು ಅನ್ನೋದಕ್ಕಿಂತ, ಅದು ಹೋದಾಗ ಯಾರ ಕಾಲ ಕೆಳಗೆ ಚೆಲ್ಲುತ್ತದೆ ಅನ್ನುವ ಪ್ರಶ್ನೆ ನನಗೆ ದೊಡ್ಡದಾಗಿ ಕಂಡದ್ದು ಅಲ್ಲಿ.

ಆಮೇಲೆ ಎಲ್ಲಿ ನೋಡಿದರೂ ಅದೇ ಕಾಣತೊಡಗಿತು. ಕೂಡ್ಲಿಗಿ ಕಡೆ ನೀರು ತೀರ ಕಮ್ಮಿಯಾದ ಬೋರಿಗೆ ಕಂಪ್ರೆಸರ್ ಇಳಿಸುತ್ತಾರೆ. ಒಂದು ಸಣ್ಣ ಪೈಪಿನಲ್ಲಿ ಗಾಳಿಯನ್ನು ಆಳಕ್ಕೆ ಒತ್ತಿದರೆ ಇನ್ನೊಂದು ಪೈಪಿನಲ್ಲಿ ನೀರು ಗಾಳಿ ಬೆರೆತು ಉಗುಳುತ್ತಾ ಬರುತ್ತದೆ. ನೋಡಿದರೆ ಇದೂ ಸೂಪರ್‌ಚಾರ್ಜರೇ. ಒತ್ತಿದ ಗಾಳಿ, ಇದ್ದದ್ದಕ್ಕಿಂತ ಹೆಚ್ಚು. ಆದರೆ ಎಸ್ಟೀಮಿನ ಎಂಜಿನ್ ಒಬ್ಬನದು. ಬೋರಿನ ತಳದ ನೀರಿಗೆ ಸರ್ವೆ ನಂಬರ್ ಇಲ್ಲ, ಅದು ಪಕ್ಕದ ಹೊಲದವನ ಉಳಿಕೆಯೂ ಹೌದು. ಕಂಪ್ರೆಸರ್ ಹಾಕಿದವನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಒಣಗುತ್ತಿರುವ ದಾಳಿಂಬೆ ಗಿಡ ನೋಡುತ್ತಾ ಯಾರು ತಾನೇ ಸುಮ್ಮನಿರುತ್ತಾರೆ? ಪಕ್ಕದವನೂ ಕಂಪ್ರೆಸರ್ ತರುತ್ತಾನೆ. ಆಮೇಲೆ ಇಬ್ಬರೂ ಇನ್ನಷ್ಟು ಆಳಕ್ಕೆ ಕೊರೆಸಲು ರಿಗ್ ಲಾರಿ ಕರೆಸುತ್ತಾರೆ.

ಲಾರಿಯ ಮಾತು ಬಂತು. ಗಣಿಯ ಅಬ್ಬರದ ಕಾಲದಲ್ಲಿ ಸಂಡೂರು, ಹೊಸಪೇಟೆ ಕಡೆ ಅದಿರು ಲಾರಿಗಳು ಮಿತಿ ಮೀರಿ ತುಂಬಿಕೊಂಡು ಓಡುತ್ತಿದ್ದದ್ದು ನಮ್ಮ ಜಿಲ್ಲೆಯವರಿಗೆಲ್ಲ ಗೊತ್ತು. ಲೋಕಾಯುಕ್ತ ಸಂತೋಷ್ ಹೆಗ್ಡೆಯವರ 2011ರ ವರದಿಯಲ್ಲೂ ಆ ಓವರ್‌ಲೋಡಿನ ವಿಷಯ ಬಂದಿದೆ. ಅದು ಅಪರಾಧ, ಸರಿ. ಆದರೆ 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿ ಎರಡು ಆಕ್ಸಲ್ಲಿನ ಲಾರಿಯ ಒಟ್ಟು ತೂಕದ ಮಿತಿಯನ್ನು 16.2 ಟನ್ನಿನಿಂದ 18.5 ಟನ್ನಿಗೆ ಏರಿಸಿತು. ಹಿಂದಿನ ದಿನ ಓವರ್‌ಲೋಡ್ ಆಗಿದ್ದದ್ದು ಮಾರನೇ ದಿನ ಲೋಡ್ ಆಯಿತು. ಅದಕ್ಕೆ ತಾಂತ್ರಿಕ ಕಾರಣಗಳು ಇರಬಹುದು. ನಾನು ಹೇಳೋದು, ಮಿತಿ ಅನ್ನುವ ಗೆರೆ ನಾವು ಅಂದುಕೊಂಡಷ್ಟು ಕಲ್ಲಿನಲ್ಲಿ ಕೊರೆದದ್ದಲ್ಲ. ಯಾರೋ ಕೂತು ಎಳೆದದ್ದು.

ಗೆರೆಯನ್ನು ಹಿಂದಕ್ಕೆ ಎಳೆಯುವುದೂ ಉಂಟು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟಿನ ಚೈನು ಕಿತ್ತು ಗೇಟು ಕೊಚ್ಚಿಹೋಯಿತು. ಆಗ ಅಣೆಕಟ್ಟು ತುಂಬಿತ್ತು. ಮುಂದಿನ ವರ್ಷ 105 ಟಿಎಂಸಿ ಹಿಡಿಯುವ ಅಣೆಕಟ್ಟಿನಲ್ಲಿ 80ಕ್ಕೇ ನಿಲ್ಲಿಸೋಣ ಅಂದರು. ಟ್ಯೂನರ್ ಭಾಷೆಯಲ್ಲಿ ಬೂಸ್ಟ್ ಇಳಿಸಿದರು. ಸರಿಯೇ. ಆದರೆ ಆ ಇಪ್ಪತ್ತೈದು ಟಿಎಂಸಿ ಅಂದರೆ ಯಾರದೋ ಭತ್ತ. ಉಳಿಸಿಟ್ಟ ಜಾಗಕ್ಕೂ ಬೆಲೆ ಇದೆ, ಅದನ್ನೂ ಯಾರೋ ಕಟ್ಟುತ್ತಾರೆ. "ಸೇಫ್ಟಿ ಮೊದಲು" ಅಂತ ಬೋರ್ಡು ಬರೆಯುವವರು ಈ ಮಾತನ್ನು ಹೇಳುವುದಿಲ್ಲ.

ಇಷ್ಟೆಲ್ಲ ನನ್ನನ್ನು ಕೊರೆಯುವುದಕ್ಕೆ ಕಾರಣ ನನ್ನ ಕೆಲಸ. ನಾನು ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಪ್ಯಾಸಿಟಿ ಪ್ಲಾನಿಂಗ್ ಮಾಡುತ್ತೇನೆ. ಸರ್ವರುಗಳು ಎಷ್ಟು ಭಾರ ಹೊರುತ್ತಿವೆ, ಹಬ್ಬದ ಸೇಲ್ ಬಂದರೆ ಎಷ್ಟು ಹೊರಬಲ್ಲವು ಅನ್ನುವ ಲೆಕ್ಕ. ಸರ್ವರ್ ಶೇ. 60ರಷ್ಟು ಭಾರದಲ್ಲಿ ಓಡುತ್ತಿದ್ದರೆ ಎಲ್ಲರಿಗೂ ನೆಮ್ಮದಿ. 85 ದಾಟಿದರೆ ಅಲಾರಂ ಹೊಡೆಯುತ್ತದೆ, ರಾತ್ರಿ ಎರಡು ಗಂಟೆಗೂ ಫೋನ್ ಬರುತ್ತದೆ. ಉಳಿದ ನಲವತ್ತು ಯಾಕೆ ಖಾಲಿ ಅಂತ ಯಾರೂ ಕೇಳಲ್ಲ, ಅದು ಬೇಕು ಅಂತ ಎಲ್ಲರಿಗೂ ಗೊತ್ತು. ಅದೇ ಕಂಪನಿಯ ಇನ್ನೊಂದು ಶೀಟಿನಲ್ಲಿ ಜನರ ಹೆಸರಿವೆ. ಅಲ್ಲಿ ಯಾರಾದರೂ ಶೇ. 85ರಲ್ಲಿದ್ದರೆ ಕೆಂಪು ಬಣ್ಣ ಬರುತ್ತದೆ, ಭಾರ ಹೆಚ್ಚಾಯಿತು ಅಂತಲ್ಲ, ಕಮ್ಮಿಯಾಯಿತು ಅಂತ! ನೂರು ಇದ್ದರೆ ಹಸಿರು. ನಮ್ಮ ತಂಡದ ಒಬ್ಬ ಹುಡುಗಿ, ಇಪ್ಪತ್ನಾಲ್ಕರ ಪ್ರಾಯ, ಮೂರು ತಿಂಗಳು ಸತತ 120ರಲ್ಲಿದ್ದಳು. ಅದಕ್ಕೆ ಕಡು ಹಸಿರು.

ಎತ್ತಿನ ವಿಷಯಕ್ಕೆ ನಮ್ಮಲ್ಲಿ ಒಂದು ನಿಯಮ ಇದೆ, ನಿಮಗೆ ಗೊತ್ತಾ? ಗಾಡಿ ಎಳೆಯುವ, ಹೇರು ಹೊರುವ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯಲು 1965ರಲ್ಲಿ ಮಾಡಿದ ನಿಯಮಗಳು. ದಿನಕ್ಕೆ ಒಟ್ಟು 9 ಗಂಟೆ ಮೀರಿ ದುಡಿಸಬಾರದು. ಸತತ 5 ಗಂಟೆ ಮೀರಿ ವಿಶ್ರಾಂತಿಯಿಲ್ಲದೆ ದುಡಿಸಬಾರದು. ತಾಪಮಾನ 37 ಡಿಗ್ರಿ ಮೀರುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ನೊಗಕ್ಕೆ ಹೂಡಲೇಬಾರದು. ಭಾನುವಾರವೂ ಬಿಡದೆ ವಾರವಿಡೀ ಹೂಡಿದರೂ ಎತ್ತಿನ ಪಾಲಿಗೆ 63 ಗಂಟೆ. 2023ರ ಅಕ್ಟೋಬರಿನಲ್ಲಿ ನಾರಾಯಣ ಮೂರ್ತಿಯವರು ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದಾಗ ದೇಶವೆಲ್ಲ ಚರ್ಚೆ ಆಯಿತಲ್ಲ, ಆಗ ಯಾರೂ ಎತ್ತಿನ ಲೆಕ್ಕ ತೆಗೆದದ್ದು ನಾನು ನೋಡಲಿಲ್ಲ. ನಮ್ಮ ರಾಜ್ಯದಲ್ಲೇ 2024ರ ಜುಲೈನಲ್ಲಿ ಐಟಿ ಕೆಲಸದ ದಿನವನ್ನು 14 ಗಂಟೆವರೆಗೆ ಹಿಗ್ಗಿಸುವ ಪ್ರಸ್ತಾಪದ ಸುದ್ದಿ ಬಂದು ನೌಕರರ ಸಂಘ ಪ್ರತಿಭಟಿಸಿತು.

ಹೆಚ್ಚು ದುಡಿಯಬಾರದು ಅಂತ ನಾನು ಹೇಳುತ್ತಿಲ್ಲ. ಮೂರ್ತಿಯವರ ತಲೆಮಾರಿನವರು ಹಾಗೆ ದುಡಿದೇ ಕಂಪನಿ ಕಟ್ಟಿದರು, ಅದು ಅವರ ಎಂಜಿನ್, ಅವರ ಟ್ರ್ಯಾಕು. ತಮ್ಮ ಪಾಲಿನ ಉಳಿಕೆಯನ್ನು ತಾವೇ ಒಪ್ಪಿ ಸುಡುವವರನ್ನು ತಡೆಯೋಕೆ ನಾನು ಯಾರು? ನಮ್ಮ ಕೊಟ್ಟೂರು, ಹರಪನಹಳ್ಳಿಯ ಹುಡುಗರು ಬೆಂಗಳೂರಿಗೆ ಬಂದು ರೂಮು ಮಾಡಿ, ರಾತ್ರಿ ಹಗಲು ಓದಿ ಕೆಲಸ ಹಿಡಿದದ್ದೂ ಬೂಸ್ಟ್ ಹಾಕಿಯೇ. ನನ್ನ ತಕರಾರು ಬೇರೆ. ಟ್ಯೂನರ್ ಕಿವಿಗೆ ನಳಿಗೆ ಹಾಕಿಕೊಂಡು ಒಂದೊಂದೇ ಡಿಗ್ರಿ ಏರಿಸಿದ, ಬಡಿತ ಕೇಳುವ ಮೊದಲೇ ನಿಲ್ಲಿಸಿದ, ನಿಲ್ಲಿಸುವ ಅಧಿಕಾರವೂ ಅವನ ಕೈಲಿತ್ತು. ಶೀಟಿನಲ್ಲಿ 120 ಅಂತ ಬರೆದವರು ಯಾವ ನಳಿಗೆ ಹಾಕಿಕೊಂಡಿದ್ದರು? ಎಂಜಿನ್ ಆದರೆ ಬಡಿಯುತ್ತದೆ. ಮನುಷ್ಯರು, ಅದರಲ್ಲೂ ಹೊಸದಾಗಿ ಸೇರಿದವರು, ಪ್ರೊಬೇಷನ್ ಮುಗಿಯದವರು, ಮನೆಗೆ ದುಡ್ಡು ಕಳಿಸಬೇಕಾದವರು ಬಡಿಯುವುದಿಲ್ಲ. "ಪರವಾಗಿಲ್ಲ ಸರ್, ಮಾಡ್ತೀನಿ" ಅನ್ನುತ್ತಾರೆ. ಆ ಹುಡುಗಿಯೂ ಹಾಗೇ ಅಂದಳು. ಒಂದು ಸೋಮವಾರ ಬರಲಿಲ್ಲ. ಆರು ವಾರ ರಜೆ, ಆಮೇಲೆ ರಾಜೀನಾಮೆ. ಅವಳು ಬಿಟ್ಟುಹೋದ ಕೆಲಸ ಇನ್ನಿಬ್ಬರ ಮೇಲೆ ಬಿತ್ತು, ಹಿಂದೆ ಬರುತ್ತಿದ್ದವರ ಮೇಲೆ.

ಹಾಗಾಗಿ ಈ ಸಲ ತಂಡದ ಮುಂದಿನ ಮೂರು ತಿಂಗಳ ಶೀಟು ನನ್ನ ಮೇಜಿಗೆ ಬಂದಾಗ ಜನರ ಹೆಸರಿನ ಮುಂದೆ 75 ಅಂತ ತುಂಬಿದೆ, ಸರ್ವರಿಗೆ ತುಂಬುವ ಹಾಗೆ. ಮ್ಯಾನೇಜರ್ ಕರೆದರು. ಕೆಟ್ಟವರಲ್ಲ, ಅವರ ಮೇಲೂ ಒಂದು ಶೀಟಿದೆ. "ಈ ಇಪ್ಪತ್ತೈದು ಏನು ಮಾಡ್ತಾರೆ?" ಅಂತ ಕೇಳಿದರು. ಸರ್ವರಿನ ನಲವತ್ತು ಏನು ಮಾಡುತ್ತೋ ಅದನ್ನೇ ಅಂದೆ. ನಗಲಿಲ್ಲ. ಕ್ಲೈಂಟಿಗೆ ಬಿಲ್ ಮಾಡೋದು ಹೇಗೆ ಅಂತ ಕೇಳಿದರು, ನ್ಯಾಯವಾದ ಪ್ರಶ್ನೆ. ಅಣೆಕಟ್ಟಿನ ಇಪ್ಪತ್ತೈದು ಟಿಎಂಸಿಯ ಹಾಗೆ ಈ ಇಪ್ಪತ್ತೈದನ್ನೂ ಯಾರೋ ಕಟ್ಟಬೇಕು. ಒಂದು ಗಂಟೆ ಎಳೆದಾಡಿ 90ಕ್ಕೆ ಬಂದು ನಿಂತೆವು. ಜೊತೆಗೆ ಇನ್ನೊಂದು ಷರತ್ತು ಹಾಕಿಸಿಕೊಂಡೆ. ಯಾರದಾದರೂ ಲೆಕ್ಕ ಎರಡು ವಾರ ಸತತ ನೂರು ದಾಟಿದರೆ ಅವರನ್ನು ಕೇಳದೆಯೇ ಅವರ ಹೊಸ ಕೆಲಸ ನಿಲ್ಲಿಸುವ ಅಧಿಕಾರ ತಂಡದ ಲೀಡ್‌ಗೆ. ಕೇಳಿದರೆ ಪರವಾಗಿಲ್ಲ ಅನ್ನುತ್ತಾರಲ್ಲ, ಅದಕ್ಕೇ.

90 ಹೆಚ್ಚೇ. ಅಕ್ಟೋಬರಿನಲ್ಲಿ ಹಬ್ಬದ ಸೇಲ್ ಬರುತ್ತದೆ, ಆಗ ಆ ಷರತ್ತನ್ನು ಯಾರು ಎಷ್ಟು ನೆನಪಿಡುತ್ತಾರೆ ನೋಡಬೇಕು. ಗೆಳೆಯನ ಕಾರು 108ರಲ್ಲೇ ಓಡುತ್ತಿದೆ. ಅವನು ತಮ್ಮನಿಗೆ ಹೇಳಿ ಕಡೆಸಿದ ಸಣ್ಣ ಪುಲ್ಲಿ ಕೊಟ್ಟೂರಿನ ಶೆಡ್ಡಿನಲ್ಲಿ, ಗ್ರೀಸ್ ಡಬ್ಬಿಯ ಪಕ್ಕ, ಪೇಪರಿನಲ್ಲಿ ಸುತ್ತಿ ಇಟ್ಟಿದೆ. ಹೋದ ಸಲ ಊರಿಗೆ ಹೋದಾಗ ತಮ್ಮ, "ಇದನ್ನ ಏನು ಮಾಡ್ಲಿ ಅಣ್ಣ, ಗುಜರಿಗೆ ಹಾಕ್ಲಾ?" ಅಂತ ಕೇಳಿದ. ಗೆಳೆಯನಿಗೆ ಫೋನ್ ಮಾಡಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇರಲಿ ಬಿಡು" ಅಂದ.